ಹೊಗೆ ಬೇಡ ಅಂದ ಮನೆ

ಮಳೆಗಾಲದಲ್ಲಿ ನಮ್ಮ ಕಡೆ ಎರಡು ಮದ್ದಿಗೆ ಬೇಡಿಕೆ ಜಾಸ್ತಿ. ಒಂದು, ಕೊಳೆರೋಗಕ್ಕೆ ಅಡಿಕೆ ಗೊನೆಗೆ ಬಿಡುವ ಬೋರ್ಡೋ ದ್ರಾವಣ. ಇನ್ನೊಂದು, ಸೊಳ್ಳೆಗೆ ಬಿಡುವ ಹೊಗೆ. ಮೊದಲನೆಯದಕ್ಕೆ ಮರ ಹತ್ತುವವರು ಸಿಗುವುದಿಲ್ಲ. ಎರಡನೆಯದಕ್ಕೆ ನಾನು ಸಿಗುತ್ತೇನೆ.

ಕಾಸರಗೋಡಿನ ಗಡಿ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನಾನು ಜೆಎಚ್‌ಐ, ಅಂದರೆ ಜೂನಿಯರ್ ಹೆಲ್ತ್ ಇನ್‌ಸ್ಪೆಕ್ಟರ್. ಜೂನ್ ಬಂತೆಂದರೆ ಕೈಯಲ್ಲಿ ಟಾರ್ಚ್, ಡ್ರಾಪರ್, ಬಿಳಿ ಟ್ರೇ, ಒಂದು ಕಟ್ಟು ಫಾರ್ಮ್. ಮನೆ ಹಿಂದೆ, ಕೊಟ್ಟಿಗೆ ಹಿಂದೆ, ಫ್ರಿಜ್ ಹಿಂದೆ ಇಣುಕುವುದೇ ಕೆಲಸ. ಮನೆಯವರಿಗೆ ನಾವು ಬಂದರೆ ಕಿರಿಕಿರಿ. ಫಾಗಿಂಗ್ ಮೆಷಿನ್ ಬಂದರೆ ಮಾತ್ರ ಹಬ್ಬ.

ಆ ಸಲ ಒಂದೇ ವಾರ್ಡಿನಲ್ಲಿ ಒಂದರ ಹಿಂದೆ ಒಂದು ಡೆಂಗಿಯ ಎನ್‌ಎಸ್‌1 ಟೆಸ್ಟ್ ಪಾಸಿಟಿವ್ ಬರತೊಡಗಿತು. ಮಂಗಳೂರಿನಲ್ಲಿ ಅಡ್ಮಿಟ್ ಆಗಿದ್ದ ಹುಡುಗನೊಬ್ಬನ ಪ್ಲೇಟ್‌ಲೆಟ್ ಲೆಕ್ಕ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ವಾರ್ಡಿನ ವಾಟ್ಸ್ಯಾಪ್ ಗ್ರೂಪಿಗೆ ಬರುತ್ತಿತ್ತು. ಅದು ಇಳಿದ ಹಾಗೆಲ್ಲ ನನ್ನ ಫೋನ್ ರಿಂಗ್ ಆಗುತ್ತಿತ್ತು. ಎಲ್ಲರದ್ದೂ ಒಂದೇ ಮಾತು: "ಹೊಗೆ ಯಾವಾಗ ಬಿಡ್ತೀರಿ?"

ಮೀಟಿಂಗಿನಲ್ಲಿ ಹೇಳುವುದನ್ನೆಲ್ಲ ಹೇಳಿದೆ. ಹೊಗೆ ಕೊಲ್ಲುವುದು ಹಾರುತ್ತಿರುವ ಸೊಳ್ಳೆಯನ್ನು ಮಾತ್ರ. ನೀರಿನಲ್ಲಿರುವ ಹುಳಕ್ಕೆ, ಅಂದರೆ ಸೊಳ್ಳೆಯ ಮರಿಗೆ, ಅದರಿಂದ ಏನೂ ಆಗುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಮೈಗೆ ಅಂಟಿಸಿ. ಅದು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ, ಮಳೆ ನೀರು ತಾಗಿದ ಕೂಡಲೇ ಒಡೆಯುತ್ತದೆ. ಇವತ್ತು ಹೊಗೆ ಬಿಟ್ಟರೆ ವಾರ, ಹತ್ತು ದಿನದಲ್ಲಿ ಹೊಸ ಬ್ಯಾಚ್ ರೆಡಿ. ವಾರ್ಡ್ ಮೆಂಬರ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಎಲ್ಲ ಸರಿ ಸಾರ್, ಜನಕ್ಕೆ ಏನಾದರೂ ಕಾಣಬೇಕಲ್ವಾ?" ಅಂದರು. ನಾನು ಚಹಾ ಕುಡಿದೆ.

ಹೊಗೆ ಪೂರ್ತಿ ದಂಡ ಅಂತ ನಾನು ಹೇಳುವುದಿಲ್ಲ. ಕೇಸ್ ಒಟ್ಟೊಟ್ಟಿಗೆ ಬರುವಾಗ ವೈರಸ್ ಹೊತ್ತ ಸೊಳ್ಳೆ ಆಗಲೇ ಹಾರುತ್ತಿರುತ್ತದೆ. ಅದನ್ನು ಕೆಡವಲು ಅದೊಂದು ದಾರಿ. ಆದರೆ ಅದೇ ದಿನ ನೀರು ಚೆಲ್ಲುವ ಕೆಲಸವೂ ಆಗಬೇಕು. ಪ್ಲ್ಯಾನ್ ಇದ್ದದ್ದೂ ಹಾಗೆಯೇ. ಮುಂದೆ ಆಶಾದವರು ಸೋರ್ಸ್ ರಿಡಕ್ಷನ್, ಅಂದರೆ ನಿಂತ ನೀರು ಚೆಲ್ಲುವ ಕೆಲಸ, ಮಾಡುತ್ತಾ ಹೋಗುವುದು, ಹಿಂದಿನಿಂದ ನಾವು. ಸರಿಯಾಗಿ ಅದೇ ದಿನ ಆಶಾದವರನ್ನು ಯಾವುದೋ ಆ್ಯಪ್ ಟ್ರೈನಿಂಗಿಗೆ ಕರೆದರು. ಹೊಗೆ ಮುಂದೆ ಹಾಕೋಣ ಅಂದೆ. ಇವತ್ತು ತಪ್ಪಿದರೆ ಮೆಷಿನ್ ಸಿಗುವುದು ಇನ್ನು ಮುಂದಿನ ವಾರವೇ ಅಂತ ಉತ್ತರ ಬಂತು.

ಸಂಜೆ ಹೊರಟೆವು. ಮಾಲಾಥಿಯಾನ್, ಡೀಸೆಲ್, ಮಳೆ ಬಿಟ್ಟ ಒಂದು ಗಂಟೆಯ ಬಿಡುವು. ನಾನು ಮುಂದೆ ಹೋಗಿ ಮನೆಯವರಿಗೆ ಹೇಳುವುದು: ಬಾಗಿಲು ತೆರೆಯಿರಿ, ಅನ್ನ ನೀರು ಮುಚ್ಚಿ, ಬಾವಿಗೆ ಏನಾದರೂ ಅಡ್ಡ ಹಾಕಿ, ಮಕ್ಕಳನ್ನು ಕರೆದುಕೊಂಡು ಹೊರಗೆ ನಿಲ್ಲಿ. ಹಿಂದೆ ಮೆಷಿನ್ ಬೊಬ್ಬೆ ಹೊಡೆಯುತ್ತಾ ಬರುವುದು. ಎಲ್ಲ ಮನೆಯಲ್ಲೂ ಖುಷಿ. ಮಕ್ಕಳು ಹೊಗೆಯೊಳಗೆ ಓಡಲು ನೋಡುವುದು, ನಾನು ಗದರಿಸುವುದು, ಮೆಂಬರ್ ವಿಡಿಯೋ ಮಾಡುವುದು.

ಗುಡ್ಡದ ಬುಡದ ಒಂದು ಮನೆಯಲ್ಲಿ ಗೇಟು ತೆರೆಯಲಿಲ್ಲ. ಅರುವತ್ತು ದಾಟಿದ ಹೆಂಗಸು ಗೇಟಿನ ಒಳಗೆ ನಿಂತಿದ್ದರು. ಮೆಷಿನ್ ಸದ್ದಿಗೆ ಏನೂ ಕೇಳುತ್ತಿರಲಿಲ್ಲ. ನಾನು ಅದೇ ಪಾಠ ಕೂಗಿ ಹೇಳಿದೆ. ಅನ್ನ ನೀರು ಮುಚ್ಚಿ, ಬಾವಿಗೆ ಅಡ್ಡ ಹಾಕಿ. ಅವರ ಮುಖ ಬದಲಾಯಿತು. ನನ್ನ ಕಡೆ ನೋಡದೆ ಕೈ ಮೇಲೆತ್ತಿ ಆಕಾಶ ತೋರಿಸಿದರು.

"ಅವರೂ ಬಾವಿ ಮುಚ್ಚಿ ಅಂತಲೇ ಹೇಳಿದ್ದು. ಆಗ ಮೇಲಿಂದ ಬಿಟ್ಟರು. ಈಗ ನೀವು ಕೆಳಗಿಂದ ಬಿಡ್ತೀರಾ?"

ಅವರ ತವರು ಪಡ್ರೆ ಕಡೆ. ಕಾಸರಗೋಡಿನವರಿಗೆ ಇಷ್ಟು ಸಾಕು. ಹೊರಗಿನವರಿಗಾಗಿ ಹೇಳುತ್ತೇನೆ. ಇಲ್ಲಿನ ಸರ್ಕಾರಿ ಗೇರು ತೋಟಗಳಿಗೆ ಸುಮಾರು 20 ವರ್ಷ, 2000ದ ತನಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟರು. ತೋಡು, ನೀರಿನ ಸುರಂಗ, ಬಾವಿ, ಅಂಗಳ ಯಾವುದನ್ನೂ ಅದು ಬಿಡಲಿಲ್ಲ. ಆಮೇಲೆ ಪಡ್ರೆ ಇರುವ ಎಣ್ಮಕಜೆ ಪಂಚಾಯತ್ ಕಡೆ ಅಂಗವೈಕಲ್ಯದಿಂದ ಹುಟ್ಟಿದ ಮಕ್ಕಳ ಫೋಟೋಗಳನ್ನು ಎಲ್ಲರೂ ನೋಡಿದ್ದೀರಿ. ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ನಿಲ್ಲಿಸಿದ್ದು 2011ರಲ್ಲಿ. ಆಗ ಮದ್ದು ಬಿಟ್ಟದ್ದು ಗೇರಿನ ಚಿಗುರು ಹೀರುವ, 'ಟೀ ಸೊಳ್ಳೆ' ಅನ್ನುವ ಕೀಟಕ್ಕೆ. ಅದಕ್ಕೂ ಮನುಷ್ಯರನ್ನು ಕಚ್ಚುವ ಸೊಳ್ಳೆಗೂ ಸಂಬಂಧವೇ ಇಲ್ಲ, ಆದರೆ ಆ ಹೆಂಗಸು ಅಂದದ್ದು, "ಆಗಲೂ ಸೊಳ್ಳೆಗೇ ಅಂದಿದ್ದರು."

ನಾನು ಕೆಮಿಸ್ಟ್ರಿ ಶುರು ಮಾಡಿದೆ. ಅದು ಬೇರೆ ಜಾತಿ ಮದ್ದು ಅಮ್ಮ, ಇದು ಆರ್ಗನೋ... ಅಷ್ಟು ಹೇಳುವಾಗಲೇ ಗೊತ್ತಾಯಿತು, ಅವರು ಮದ್ದಿನ ಜಾತಿ ಕೇಳುತ್ತಿಲ್ಲ. ಆಗ ಹೇಳಿದವರ ಜಾಗದಲ್ಲಿ ಈಗ ನಾನು ನಿಂತಿದ್ದೇನೆ, ಅಷ್ಟೇ.

ಹಿಂದಿನಿಂದ ಮೆಂಬರ್ ಕಿವಿ ಹತ್ತಿರ ಬಂದರು. "ಒಂದು ಮನೆ ಬಿಟ್ಟರೆ ನಾಳೆ ಎಲ್ಲರೂ ಬೇಡ ಅಂತಾರೆ. 2023ರ ಪಬ್ಲಿಕ್ ಹೆಲ್ತ್ ಆಕ್ಟ್ ಇದೆಯಲ್ವಾ, ನೋಟೀಸ್ ಕೊಡ್ತೇನೆ ಅನ್ನಿ." ಆಪರೇಟರ್‌ಗೆ ಇನ್ನೂ ಸುಲಭದ ದಾರಿ ಹೊಳೆದಿತ್ತು. ಗಾಳಿ ರಸ್ತೆಯಿಂದ ಮನೆ ಕಡೆಗೆ ಬೀಸುತ್ತಿತ್ತು. ರಸ್ತೆಯಲ್ಲಿ ನಿಂತು ಬಿಟ್ಟರೆ ತಾನಾಗಿಯೇ ಒಳಗೆ ಹೋಗುತ್ತದೆ, ಗೇಟು ಯಾಕೆ? ಅವನು ನಳಿಗೆಯನ್ನು ಆ ಕಡೆ ತಿರುಗಿಸಿಯೇ ಆಗಿತ್ತು. ಹೆಂಗಸು ಅದನ್ನು ನೋಡುತ್ತಿದ್ದರು. ಹಿಂದೆ ಹೋಗಲಿಲ್ಲ, ಸೆರಗಿನಿಂದ ಮೂಗು ಮುಚ್ಚಿಕೊಂಡು ಅಲ್ಲೇ ನಿಂತರು.

ಮೆಷಿನ್ ಆಫ್ ಮಾಡು ಅಂದೆ. ಅವನಿಗೆ ಕೇಳಲಿಲ್ಲ, ಅಥವಾ ಕೇಳದ ಹಾಗೆ ಮಾಡಿದ. ಒಮ್ಮೆ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡುವುದು ರಗಳೆ ಅಂತ ನನಗೂ ಗೊತ್ತು. ಹತ್ತಿರ ಹೋಗಿ ಭುಜ ಹಿಡಿದು ರಸ್ತೆ ಕಡೆಗೆ ತಿರುಗಿಸಿದೆ. ಒಂದು ಗುಕ್ಕು ಹೊಗೆ ನನ್ನ ಅಂಗಿಗೇ ಬಂತು. ಮೆಷಿನ್ ನಿಂತಿತು. ಮೆಂಬರ್ ಫೋನ್ ಕಿಸೆಗೆ ಹಾಕಿಕೊಂಡು ಬೈಕಿನ ಕಡೆ ಹೋದರು.

ಸದ್ದು ನಿಂತ ಮೇಲೆ ಅವರ ಮಾತು ಸರಿಯಾಗಿ ಕೇಳಿತು. "ಹೊಗೆ ಬೇಡ. ಏನೆಲ್ಲ ಕವುಚಿ ಹಾಕಬೇಕು ಹೇಳಿ, ನಾನೇ ಹಾಕ್ತೇನೆ."

ತೋಟಕ್ಕೆ ಇಳಿದೆವು. ಅಡಿಕೆ ಮರದ ಬುಡಬುಡದಲ್ಲೂ ಉದುರಿದ ಸೋಗೆಯ ಹಾಳೆ. ಒಂದನ್ನು ಮೆಲ್ಲ ಎತ್ತಿ ಟಾರ್ಚ್ ಹಾಕಿದೆ. ಹಾಳೆಯ ಮಡಿಕೆಯಲ್ಲಿ ಹಾಲು ಹಾಕದ ಕಟ್ಟನ್ ಚಾಯದಂಥ ನೀರು, ಒಂದು ಲೋಟವೂ ಇರಲಿಕ್ಕಿಲ್ಲ. ಬೆಳಕು ಬಿದ್ದದ್ದೇ ಹುಳಗಳೆಲ್ಲ ಒದ್ದಾಡುತ್ತಾ ಅಡಿಗೆ ಹೋದವು. ಸ್ವಲ್ಪ ಹೊತ್ತು ಕಾದರೆ ಒಂದೊಂದಾಗಿ ಮೇಲೆ ಬಂದು, ಬಾಲದ ಕೊಳವೆ ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ಓರೆಗೆ ತೂಗುತ್ತವೆ. ಟ್ರೇಗೆ ಸುರಿದು ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ಇಷ್ಟು ನೀರಿನಲ್ಲಾ?" ಅಂತ ಕೇಳಿ, ಪಕ್ಕದ ಹಾಳೆಯನ್ನು ಕಾಲಿನಿಂದ ಕವುಚಿದರು. ಮತ್ತೊಂದು. ಮತ್ತೊಂದು.

ತೋಟದಲ್ಲಿ ಜಾಸ್ತಿ ಸಿಗುವುದು ಈಡಿಸ್ ಆಲ್ಬೋಪಿಕ್ಟಸ್, ಬೆನ್ನ ಮೇಲೆ ಒಂದು ಬಿಳಿ ಗೆರೆ ಇರುವ ಜಾತಿ. ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಬೀಳಿಸುತ್ತದೆ. ಎಕರೆಗೆ 500ಕ್ಕಿಂತ ಮೇಲೆ ಮರ. ಲೆಕ್ಕ ಹಾಕಿ, ಎಕರೆಗೆ 3000 ಹಾಳೆ. ಮೊದಲು ಹಟ್ಟಿಯಲ್ಲಿ ದನ ಇತ್ತು, ಹಸಿ ಹಾಳೆ ಅದಕ್ಕೆ ಹೋಗುತ್ತಿತ್ತು. ಈಗ ಹಟ್ಟಿಯಲ್ಲಿ ಸ್ಕೂಟರ್. ಬೇಸಿಗೆಯ ಹಾಳೆಯನ್ನು ತಟ್ಟೆ ಮಾಡುವವರು ಒಯ್ಯುತ್ತಾರೆ, ಮಳೆಗೆ ಕೊಳೆತದ್ದನ್ನು ಮುಟ್ಟುವುದಿಲ್ಲ. ಅದರ ಜೊತೆ ಇಲಿ ಕೊರೆದ ಕೊಕ್ಕೋ ಕಾಯಿ, ತೆಂಗಿನ ಗೆರಟೆ, ರಬ್ಬರ್ ಹಾಲು ಹಿಡಿಯುವ ಚಿಪ್ಪು. ನಮ್ಮ ಫಾರ್ಮಿನಲ್ಲಿರುವುದು ಮಾತ್ರ ಟೈರ್, ಹೂಕುಂಡ, ಫ್ರಿಜ್ ಟ್ರೇ, ಕೂಲರ್. ಇಲ್ಲಿ ಕೂಲರ್ ಇರುವ ಮನೆ ಯಾವುದು ಸ್ವಾಮಿ? ಹಾಳೆಯನ್ನೆಲ್ಲ 'ಇತರೆ' ಕಾಲಂಗೆ ತುಂಬಿಸಿ ಕಳಿಸುತ್ತೇವೆ. ಮೇಲಿನಿಂದ ವಾಪಸ್ ಪ್ರಶ್ನೆ ಬರುತ್ತದೆ, 'ಇತರೆ' ಇಷ್ಟೊಂದು ಯಾಕೆ? ಜನರಿಗೆ ಹಂಚಲು ಬರುವ ನೋಟೀಸೂ ಮಲಯಾಳದಲ್ಲೇ. ಆ ಹೆಂಗಸಿಗೆ ಓದಲು ಬರುವುದು ಕನ್ನಡ.

ಮುಂದಿನ ವಾರ ಚೆಕ್ ಮಾಡಲು ಹೋದಾಗ ಹೊಗೆ ಬಿಟ್ಟ ಮನೆಗಳಿಗೇ ಮೊದಲು ಹೋದೆ. ಹಾಳೆ ಇದ್ದಲ್ಲೇ ಇತ್ತು, ಹುಳ ಗಮ್ಮತ್ತಾಗಿತ್ತು. "ಹೊಗೆ ಬಿಟ್ಟಾಯಿತಲ್ಲ, ಇನ್ನೇನು?" ಅಂತ ಒಬ್ಬರು ನನ್ನನ್ನೇ ಕೇಳಿದರು. ನನಗೆ ಹೊಗೆಯ ಮೇಲೆ ಇರುವ ದೊಡ್ಡ ಸಿಟ್ಟು ಇದೇ. ಕೆಲಸ ಮುಗಿಯಿತು ಅಂತ ಎಲ್ಲರಿಗೂ ಅನ್ನಿಸಿಬಿಡುತ್ತದೆ.

ಹೊಗೆ ಬೇಡ ಅಂದ ಮನೆಯಲ್ಲಿ ಹಾಳೆಗಳನ್ನೆಲ್ಲ ಉದ್ದಕ್ಕೆ ಸೀಳಿ ಮರದ ಬುಡಕ್ಕೆ ಹಾಕಿದ್ದರು. ಸೀಳಿದ ಹಾಳೆಯಲ್ಲಿ ನೀರು ನಿಲ್ಲುವುದಿಲ್ಲ. ಕವುಚುವುದಕ್ಕಿಂತ ಎಷ್ಟೋ ವಾಸಿ. ಇದು ನಮ್ಮ ಯಾವ ಟ್ರೈನಿಂಗಿನಲ್ಲೂ ಬಂದಿರಲಿಲ್ಲ. ಆದರೆ ಸೌದೆ ರಾಶಿಗೆ ಮುಚ್ಚಿದ್ದ ಟಾರ್ಪಾಲಿನ ಗುಳಿಯಲ್ಲಿ ಹುಳ ಸಿಕ್ಕಿತು. ತೋರಿಸಿದೆ. "ಇದನ್ನು ಆವತ್ತೇ ಹೇಳಬೇಕಿತ್ತಲ್ವಾ?" ಅಂತ ಸರಿಯಾಗಿ ಬೈದರು. ಬೈಯುತ್ತಲೇ ಟಾರ್ಪಾಲು ಎಳೆದು ಬಿಗಿ ಕಟ್ಟಿದರು.

ಈಗ ಆ ವಾರ್ಡಿನಲ್ಲಿ ಆಶಾದವರು ಮೊದಲು ಕತ್ತಿ ಹಿಡಿದುಕೊಂಡೇ ಹೋಗುತ್ತಾರೆ. ಹೊಗೆ ಬೇಕಾದರೆ ಅದರ ಹಿಂದೆ. ಗೇಟಿನಲ್ಲಿ ನಿಂತು ಕೇಳದೆ ಮೆಷಿನ್ ಸ್ಟಾರ್ಟ್ ಮಾಡಲು ನಾನು ಬಿಡುವುದಿಲ್ಲ. ಆಪರೇಟರ್‌ಗೆ ಅದರಿಂದ ಡಬಲ್ ರಗಳೆ. ಆಗಲಿ.

ಕೇಸ್ ಇಳಿದ ಮೇಲೆ ಮೇಲಿನವರು ಮಾಡಿದ ರಿಪೋರ್ಟಿನಲ್ಲಿ 'ಫಾಗಿಂಗ್‌ನಿಂದ ನಿಯಂತ್ರಣ' ಅಂತ ಬಂತು. ಮೆಂಬರ್‌ನ ವಿಡಿಯೋದಿಂದ ತೆಗೆದ ಫೋಟೋ ಸಹ ಇತ್ತು. ಆ ಹೆಂಗಸಿನ ಮನೆ ಈಗಲೂ ಪೋರ್ಟಲ್‌ನಲ್ಲಿ ಕೆಂಪು ಬಣ್ಣದಲ್ಲಿ 'ಸಹಕರಿಸಿಲ್ಲ' ಪಟ್ಟಿಯಲ್ಲಿದೆ. ತಿದ್ದಲು ನೋಡಿದೆ. ನನ್ನ ಲಾಗಿನ್‌ಗೆ ಹಸಿರನ್ನು ಕೆಂಪು ಮಾಡಲು ಬರುತ್ತದೆ, ಕೆಂಪನ್ನು ಹಸಿರು ಮಾಡಲು ಬರುವುದಿಲ್ಲವಂತೆ. ಅದಕ್ಕೆ ಜಿಲ್ಲೆಗೆ ಪತ್ರ ಬರೆಯಬೇಕು. ಬರೆದಿದ್ದೇನೆ.