ಮಾಸ್ಟರ್ ಟೇಪು ಯಾರದ್ದು? ಮೊದಲು ಅದನ್ನು ನೋಡಿ

ಬೆಂಗಳೂರಿನ ಒಂದು ಆಡಿಯೋ ಕಂಪನಿಯಲ್ಲಿ ಕ್ಯಾಸೆಟ್ ಕಾಲದ ಹಾಡುಗಳ ಹಕ್ಕುಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹೊಸಬರು ಸೇರಿದರೆ ಅವರಿಗೆ ಮೊದಲು ಸ್ಟ್ಯಾಕ್ಸ್ ರೆಕಾರ್ಡ್ಸ್ ಕಥೆ ಹೇಳುತ್ತೇನೆ.

ಅದು ಅಮೆರಿಕದ ಮೆಂಫಿಸ್‌ನ ಕಂಪನಿ. ಬ್ಯಾಂಕ್ ನೌಕರಿಯಲ್ಲಿದ್ದ ಜಿಮ್ ಸ್ಟೀವರ್ಟ್ 1957ರಲ್ಲಿ ಶುರು ಮಾಡಿದರು. ರೆಕಾರ್ಡಿಂಗ್ ಮೆಷಿನ್‌ಗೆ ದುಡ್ಡಿಲ್ಲ ಅಂದಾಗ ಅಕ್ಕ ಎಸ್ಟೆಲ್ ಆಕ್ಸ್‌ಟನ್ ತಮ್ಮ ಮನೆಯನ್ನೇ ಅಡ ಇಟ್ಟರು. 1960ರಲ್ಲಿ ಹಳೇ ಟಾಕೀಸೊಂದನ್ನು ಬಾಡಿಗೆಗೆ ಹಿಡಿದು, ಸೀಟು ಕಿತ್ತು, ಇಳಿಜಾರು ನೆಲ ಹಾಗೇ ಬಿಟ್ಟು ಸ್ಟುಡಿಯೋ ಮಾಡಿಕೊಂಡರು. ತಿಂಡಿ ಮಾರುತ್ತಿದ್ದ ಜಾಗದಲ್ಲಿ ಎಸ್ಟೆಲ್ ರೆಕಾರ್ಡ್ ಅಂಗಡಿ ಇಟ್ಟರು. ಅಕ್ಕಪಕ್ಕದ ಹುಡುಗರಿಗೆ ಯಾವ ಹಾಡು ಹಿಡಿಸುತ್ತದೆ ಅಂತ ಕೌಂಟರ್‌ನಲ್ಲೇ ಗೊತ್ತಾಗುತ್ತಿತ್ತು. ಕರಿಯರು ಬಿಳಿಯರು ಒಟ್ಟಿಗೆ ಕೂರುವುದೇ ಕಷ್ಟವಿದ್ದ ಊರಲ್ಲಿ ಅಲ್ಲಿ ಒಟ್ಟಿಗೆ ನುಡಿಸುತ್ತಿದ್ದರು. ನನಗೆ ಬಹಳ ಇಷ್ಟವಾದ ಓಟಿಸ್ ರೆಡ್ಡಿಂಗ್ ದನಿ ಬಂದದ್ದೂ ಅಲ್ಲಿಂದಲೇ.

ಮಾರಾಟ ಮಾತ್ರ ದೊಡ್ಡ ಕಂಪನಿ ಅಟ್ಲಾಂಟಿಕ್ ಕೈಯಲ್ಲಿತ್ತು. ವರ್ಷಗಟ್ಟಲೆ ಬರೀ ಬಾಯಿಮಾತಿನ ವ್ಯವಹಾರ. 1965ರಲ್ಲಿ ಅದು ಕಾಗದಕ್ಕೆ ಬಂತು, ಜಿಮ್ ಪೂರ್ತಿ ಓದದೆ ಸಹಿ ಹಾಕಿದರು. ನಂಬಿಕೆ ಇತ್ತು, ಅಷ್ಟೇ. 1967ರಲ್ಲಿ ಅಟ್ಲಾಂಟಿಕ್ ಮಾರಾಟವಾಯಿತು, ಅದೇ ಡಿಸೆಂಬರ್‌ನಲ್ಲಿ ಓಟಿಸ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಸ್ಟ್ಯಾಕ್ಸ್‌ನವರು ಬೇರೆಯಾಗಲು ಹೋಗಿ ಆ ಕಾಗದ ತೆಗೆದು ನೋಡಿದರೆ, ಅಟ್ಲಾಂಟಿಕ್ ಹಂಚಿದ್ದ ಅಷ್ಟೂ ಹಾಡುಗಳ ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಣ, ಅಟ್ಲಾಂಟಿಕ್‌ನದ್ದೇ ಅಂತ ಬರೆದಿತ್ತು. ಓಟಿಸ್ ಹಾಡುಗಳೂ ಹೋದವು. 1969ರಲ್ಲಿ ಒಂದೇ ಸಲಕ್ಕೆ 27 ಆಲ್ಬಂ ತಂದು ಕಂಪನಿ ಮತ್ತೆ ಎದ್ದು ನಿಂತಿದ್ದು ನಿಜಕ್ಕೂ ದೊಡ್ಡ ಸಾಹಸ. ಆದರೂ 1975ರ ಕೊನೆಗೆ, ಸಾಲಗಳ ಹೊರೆಯಲ್ಲಿ, ಬಾಗಿಲು ಹಾಕಬೇಕಾಯಿತು.

ನಮ್ಮ ಟೇಬಲ್ ಮೇಲೂ ದಿನಾ ಇದೇ ಪ್ರಶ್ನೆ. ನಿರ್ಮಾಪಕರಿಂದ ಆಡಿಯೋ ಹಕ್ಕು ಕೊಂಡ ಛಾಪಾ ಕಾಗದ ಹಳದಿಯಾಗಿರುತ್ತದೆ, ಮಡಿಕೆ ಇರುವಲ್ಲಿ ಅಕ್ಷರ ಅಳಿಸಿರುತ್ತದೆ, ಎಷ್ಟೋ ಸಲ ಅಳಿಸಿರುವುದು ಬೇಕಾದ ಸಾಲೇ. ನಾನು ಮೊದಲು ತಾರೀಖು ನೋಡುತ್ತೇನೆ. 1995ರ ಮೇ 10ರ ನಂತರದ ಪತ್ರವಾಗಿದ್ದು ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ ಕಾನೂನು ಪ್ರಕಾರ 5 ವರ್ಷ ಮಾತ್ರ. ಯಾವ ದೇಶಕ್ಕೆ ಅಂತ ಇಲ್ಲದಿದ್ದರೆ ಭಾರತಕ್ಕೆ ಮಾತ್ರ. ಹಾಗಿದ್ದಾಗ ದುಬೈನಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರು ಕೇಳಲಿ ಅಂತ ಆ್ಯಪ್‌ಗೆ ಸುಮ್ನೆ ಹಾಕಿಬಿಡೋಕಾಗಲ್ಲ ಅಲ್ವಾ? ಅನುಮಾನವಿದ್ದರೆ ಹಾಡು ತಡೆದಿಟ್ಟು ನಿರ್ಮಾಪಕರ ಮನೆಯವರನ್ನು ಹುಡುಕುತ್ತೇವೆ. ಜಾಸ್ತಿ ಸಮಯ ಹಿಡಿಯುತ್ತದೆ, ಮಾರ್ಕೆಟಿಂಗ್‌ನವರು ಬೈಯುತ್ತಾರೆ. ಬೈಯಲಿ.