ಸ್ಪ್ರಿಂಗುಗಳ ಮೇಲೆ ಕೂತ ಸಂಗೀತ ಸಭಾಂಗಣ

ಜರ್ಮನಿಯ ಹ್ಯಾಂಬರ್ಗಿನ ಸಂಗೀತ ಸಭಾಂಗಣ ಎಲ್ಬ್‌ಫಿಲ್ಹಾರ್ಮೋನಿಯ ಮಾತು ಬಂದರೆ ಎಲ್ಲರೂ ಮೊದಲು ಹೇಳುವುದು ಅಲೆಯಂತೆ ಏರಿಳಿಯುವ ಅದರ ಚಾವಣಿಯ ಬಗ್ಗೆ, ಆಮೇಲೆ ಖರ್ಚಿನ ಬಗ್ಗೆ. ನನಗೆ ಗುಂಗು ಹಿಡಿಸಿದ್ದು ಹೊರಗೆ ಕಾಣದ ಕೆಲಸ.

ನೌಕರಿಗೆಂದು ನಾನು ಈ ಊರಿಗೆ ಬಂದಾಗ ಅಲ್ಲಿದ್ದದ್ದು ಒಂದು ಹಳೇ ಗೋದಾಮಿನ ಇಟ್ಟಿಗೆ ಗೋಡೆಗಳು, ಸುತ್ತ ಕ್ರೇನುಗಳು. 1960ರ ದಶಕದ ಗೋದಾಮು ಅದು. ಕೋಕೋ, ಚಹಾ, ತಂಬಾಕು ಇಡುತ್ತಿದ್ದರು. ಒಳಗಿದ್ದದ್ದನ್ನೆಲ್ಲ ತೆಗೆದು, ಗೋಡೆಗಳನ್ನಷ್ಟೇ ಉಳಿಸಿಕೊಂಡು, ಅದರ ಮೇಲೆ ಗಾಜಿನ ಕಟ್ಟಡ ಏರಿಸುವುದು ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿಗಳಾದ ಹೆರ್ಜೋಗ್ ಮತ್ತು ದ ಮ್ಯೂರೋನ್ ಅವರ ಯೋಜನೆ. 2007ರಲ್ಲಿ ಶಂಕುಸ್ಥಾಪನೆ ಆಗಿತ್ತು, 2010ಕ್ಕೆ ಮುಗಿಯಬೇಕಿತ್ತು. ಫೆರಿಯಲ್ಲಿ ಹೋಗುವಾಗೆಲ್ಲ ಎಷ್ಟು ಗಾಜು ಕೂರಿಸಿದ್ದಾರೆಂದು ನೋಡುತ್ತಿದ್ದೆ.

2011ರ ಕೊನೆಗೆ ಕೆಲಸ ನಿಂತಿತು. ಚಾವಣಿಯ ಭದ್ರತೆಯ ಬಗ್ಗೆ ತಕರಾರು. ಒಂದು ವರ್ಷ ದಾಟಿದರೂ ಮುಂದೆ ಹೋಗಲಿಲ್ಲ. ನಗರದ ಬೊಕ್ಕಸದಿಂದ 7.7 ಕೋಟಿ ಯೂರೋ ಸಾಕು ಎಂದಿದ್ದದ್ದು ಕೊನೆಗೆ 78.9 ಕೋಟಿಗೆ ಮುಟ್ಟಿತು. ಆಫೀಸಿನಲ್ಲಿ ಜನ ಸಿಟ್ಟಾಗಿದ್ದರು, ಆ ಸಿಟ್ಟು ನ್ಯಾಯವಾದದ್ದೇ. ತೆರಿಗೆ ಕಟ್ಟುವವರಲ್ಲಿ ನಾನೂ ಒಬ್ಬಳು.

ಆದರೂ ಒಳಗೆ ಏನು ಮಾಡುತ್ತಿದ್ದಾರೆಂದು ಓದುತ್ತಾ ಹೋದಂತೆ ನನ್ನ ಮನಸ್ಸು ಆ ಕಟ್ಟಡದ ಕಡೆ ವಾಲಿತು. ಹೊರಗೆ ಬಂದರು, ಹಡಗುಗಳ ಹಾರ್ನ್. ಒಳಗೆ ಒಂದೇ ಪಿಟೀಲಿನ ಮೆಲುದನಿಯೂ ಕೊನೇ ಸಾಲಿಗೆ ಮುಟ್ಟಬೇಕು. ಅದಕ್ಕೇ ದೊಡ್ಡ ಸಭಾಂಗಣವನ್ನು ಕಟ್ಟಡದೊಳಗೆ ಇನ್ನೊಂದು ಕಟ್ಟಡದಂತೆ ಬೇರೆಯಾಗಿಯೇ ಕಟ್ಟಿದ್ದಾರೆ. 12,500 ಟನ್ ಭಾರದ ಅದು ಕೂತಿರುವುದು 362 ಉಕ್ಕಿನ ಸ್ಪ್ರಿಂಗ್ ಕಟ್ಟುಗಳ ಮೇಲೆ. ಹೊರಗಿನ ಕಂಪನ ಸ್ಪ್ರಿಂಗಿನಲ್ಲೇ ಸತ್ತುಹೋಗುತ್ತದೆ.

ಗೋಡೆಯದ್ದು ಇನ್ನೊಂದು ಕಥೆ. ಜಪಾನಿನ ಧ್ವನಿತಜ್ಞ ಯಾಸುಹಿಸಾ ಟೊಯೋಟಾ ಹತ್ತರಲ್ಲಿ ಒಂದು ಅಳತೆಯ ಮಾದರಿ ಇಟ್ಟುಕೊಂಡು ಪರೀಕ್ಷೆ ನಡೆಸಿದ್ದರು. ಗೋಡೆಗೆ ಜಿಪ್ಸಮ್ ನಾರಿನ ಸುಮಾರು 10,000 ಹಲಗೆಗಳು, ಒಂದರಂತೆ ಇನ್ನೊಂದಿಲ್ಲ. ಪ್ರತಿಯೊಂದರಲ್ಲೂ ಯಂತ್ರದಿಂದ ಕೊರೆದ ಗುಳಿಗಳು. ಬಾಗಿಲ ಪಕ್ಕದ ಹಲಗೆಯ ಮೇಲೆ ಕೈಯಾಡಿಸಿದೆ: ತಟ್ಟಿದ ಅಕ್ಕಿರೊಟ್ಟಿಯ ಮೇಲೆ ಬೆರಳು ಮೂಡಿದ ಹಾಗೆ ಗುಳಿ, ದಿಬ್ಬ, ಮತ್ತೆ ಗುಳಿ. ನುಣುಪು ಗೋಡೆಯಾದರೆ ಸದ್ದು ನೇರ ವಾಪಸ್ ಬಡಿಯುತ್ತದೆ. ಇಲ್ಲಿ ಗುಳಿಗಳಿಗೆ ತಾಗಿ ನಾನಾ ದಿಕ್ಕಿಗೆ ಚದುರಿ ಎಲ್ಲರ ಕಿವಿಗೂ ಹಂಚಿಹೋಗುತ್ತದೆ.

2017ರ ಜನವರಿ 11ರಂದು ಉದ್ಘಾಟನೆಯಾಯಿತು. ನನಗೆ ಟಿಕೆಟ್ ಸಿಕ್ಕಿದ್ದು ಎಷ್ಟೋ ತಿಂಗಳ ಮೇಲೆ, ವಾದ್ಯವೃಂದದ ಬೆನ್ನ ಹಿಂದೆ. ಸುಮಾರು 2,100 ಆಸನಗಳಲ್ಲಿ ಯಾವುದೂ ವಾದ್ಯವೃಂದ ನಡೆಸುವ ನಿರ್ದೇಶಕರಿಂದ 30 ಮೀಟರಿಗಿಂತ ದೂರವಿಲ್ಲ. ಟಿಂಪನಿ ಎಂಬ ದೊಡ್ಡ ನಗಾರಿ ಬಾರಿಸುವವರು ಚರ್ಮಕ್ಕೆ ಕಿವಿ ಹಚ್ಚಿ ಶ್ರುತಿ ನೋಡಿಕೊಳ್ಳುವುದೂ ಕಾಣುತ್ತಿತ್ತು. ವಾದ್ಯಗಳು ಅಲ್ಲಿಂದ ಚೊಕ್ಕವಾಗಿ ಕೇಳುತ್ತವೆ. ಹಾಡುಗಾರರಿದ್ದರೆ ಮಾತ್ರ ಆ ಜಾಗ ಬೇಡ, ದನಿ ಅತ್ತ ಕಡೆ ಹೋಗಿಬಿಡುತ್ತದೆ. ಹಾಡಿನ ಕಛೇರಿಗೆ ಇನ್ನೂ ಸ್ವಲ್ಪ ದುಡ್ಡು ಹಾಕಿ ಎದುರಿನ ಸಾಲು ಹಿಡಿಯಿರಿ.