ಒತ್ತಕ್ಷರ ಮುಚ್ಚಿಹೋಗದ ಇಂಕು ಯಾವುದು?

ಇಂಕ್ ಪೆನ್ನಿನ ಹುಚ್ಚಿರುವವರು ಇಂಕಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಶೇಡಿಂಗ್ ಹೇಗಿದೆ, ಒಣಗಿದ ಮೇಲೆ ಮಿಂಚುತ್ತದಾ, ಇದು ನೀಲಿನಾ ನೇರಳೆನಾ, ಹೀಗೆ. ಎಲ್ಲ ಸರಿ, ಆದರೆ ಬರೆದು ತೋರಿಸುವುದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಬರೆಯುವವರಿಗೆ ಅದರಿಂದ ಅಷ್ಟೇನೂ ಉಪಯೋಗವಿಲ್ಲ.

ನಮ್ಮ ಅಕ್ಷರವೇ ಬೇರೆ ಅಲ್ವಾ. ಒಳಗೆ ಸುರುಳಿ, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ಇದೆಲ್ಲ ನೋಟ್‌ಬುಕ್ಕಿನ ಒಂದೇ ಗೆರೆಯೊಳಗೆ ಕೂರಬೇಕು. ಅದಕ್ಕೇ ಹೊಸ ಇಂಕು ತುಂಬಿಸಿದಾಗಲೆಲ್ಲ ನಾನು ಒಂದು ತಲೆಬುಡ ಇಲ್ಲದ ವಾಕ್ಯ ಬರೆದು ನೋಡುತ್ತೇನೆ: ‘ಲಕ್ಷ್ಮಿ ಅರ್ಧ ರಾಷ್ಟ್ರದ ಅರ್ಥಶಾಸ್ತ್ರ ಓದಿದಳು.’ ಇದರಲ್ಲಿ ಕ್ಷ್ಮ ಇದೆ, ಷ್ಟ್ರ ಇದೆ, ಸ್ತ್ರ ಇದೆ. ಅದಕ್ಕಿಂತ ಮುಖ್ಯವಾಗಿ ಧ ಮತ್ತು ಥ ಎರಡೂ ಇವೆ. ಥ ಅಕ್ಷರದ ಹೊಟ್ಟೆಯೊಳಗೆ ಒಂದು ಚುಕ್ಕೆ, ಅಷ್ಟೇ ವ್ಯತ್ಯಾಸ. ಇಂಕು ಸ್ವಲ್ಪ ಜಾಸ್ತಿ ಇಳಿದರೆ ಚುಕ್ಕೆಯ ಸುತ್ತ ಇರುವ ಜಾಗ ತುಂಬಿಕೊಳ್ಳುತ್ತದೆ, ಧ ಕೂಡ ಒಳಗೇ ಮುಚ್ಚಿಕೊಳ್ಳುತ್ತದೆ, ಆಮೇಲೆ ಅರ್ಧ ಯಾವುದು ಅರ್ಥ ಯಾವುದು ಅಂತ ಬರೆದವರೇ ಹುಡುಕಬೇಕು. ಮಹಾಪ್ರಾಣದ ಸೀಳೂ ಹಾಗೆಯೇ ಮಾಯವಾಗುತ್ತದೆ. ಢ ಹೋಗಿ ಡ ಆಗುತ್ತದೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಕನ್ನಡಕ್ಕೆ ಒಳ್ಳೆಯದು ಸ್ವಲ್ಪ ಜಿಪುಣ ಇಂಕು. ಪೆನ್ನಿನವರ ಭಾಷೆಯಲ್ಲಿ ಡ್ರೈ ಇಂಕು. ಧಾರಾಳವಾಗಿ ಹರಿಯುವುದು ವೆಟ್ ಇಂಕು. ಜಪಾನಿನ ಪೈಲಟ್ ಕಂಪನಿಯ ಇರೋಶಿಜುಕು ಹರಿಯುವುದರಲ್ಲಿ ಎತ್ತಿದ ಕೈ, ನಿಬ್ಬು ಕಾಗದದ ಮೇಲೆ ಜಾರಿಕೊಂಡು ಹೋಗುತ್ತದೆ, ಬಣ್ಣಗಳಂತೂ ಕಣ್ಣಿಗೆ ಹಬ್ಬ. ಆದರೆ ಮೀಡಿಯಂ ನಿಬ್ಬಿನಲ್ಲಿ ನನ್ನ ಷ್ಟ್ರ ಒಂದು ಗುಡ್ಡೆ ಆಯಿತು. ಅದನ್ನು ತೀರಾ ತೆಳು ನಿಬ್ಬಿಗೆ ಹಾಕಿದರೆ ಮಾತ್ರ ಸರಿ. ಜರ್ಮನಿಯ ಪೆಲಿಕನ್ 4001 ಇದಕ್ಕೆ ತದ್ವಿರುದ್ಧ, ಬಿಗಿ ಕೈ. ಪಾಶ್ಚಾತ್ಯರು ಇದನ್ನು ಒಣಕಲು ಅಂತ ದೂರುವುದನ್ನು ಕೇಳಿದ್ದೇನೆ. ನಮ್ಮ ಒತ್ತಕ್ಷರಕ್ಕೆ ಆ ಒಣಕಲೇ ವರ. ಇನ್ನು ಕ್ಯಾಮೆಲ್ ರಾಯಲ್ ಬ್ಲೂ ಅಂತೂ ಗೊತ್ತೇ ಇದೆ, ಸ್ಕೂಲಲ್ಲಿ ಎಲ್ಲರ ಬೆರಳಿಗೂ ಅಂಟಿದ್ದು ಅದೇ. ಕ್ಯಾಮ್ಲಿನ್ ಕಂಪನಿ 1931ರಲ್ಲಿ ಇಂಕಿನ ಪುಡಿ ಮತ್ತು ಗುಳಿಗೆ ಮಾರುತ್ತಾ ಶುರುವಾಗಿದ್ದು. ಈಗಲೂ ತುಮಕೂರಿನಲ್ಲಿ ಸ್ಟೇಷನರಿ ಅಂಗಡಿಗೆ ಹೋಗಿ ಇಂಕು ಕೊಡಿ ಅಂದರೆ ಬೇರೇನೂ ಕೇಳದೆ ಅದನ್ನೇ ತೆಗೆದಿಡುತ್ತಾರೆ. ಮಾಮೂಲಿ ನೋಟ್‌ಬುಕ್ಕಿನ ಮೇಲೂ ನನ್ನ ಪರೀಕ್ಷೆಯಲ್ಲಿ ಪಾಸಾದ ಇಂಕು ಅದು. ಕಾಸು ಕಡಿಮೆ, ಕೆಲಸ ಚೆನ್ನ.

ಒಂದು ಎಚ್ಚರಿಕೆ. ರಾಯಲ್ ಬ್ಲೂ ಯಾವ ಕಂಪನಿಯದ್ದೇ ಆಗಲಿ, ಸಾಮಾನ್ಯವಾಗಿ ಅದು ತೊಳೆದರೆ ಹೋಗುವ ಬಣ್ಣ. ಬಿಸಿಲಿಗೆ ಮಂಕಾಗುತ್ತದೆ, ನೀರು ಬಿದ್ದರೆ ಕದಡುತ್ತದೆ. ಡೈರಿಗೆ, ಪಟ್ಟಿಗೆ ಸಾಕು. ಚೆಕ್ಕಿಗೆ, ಕರಾರು ಪತ್ರಕ್ಕೆ ಬೇಡವೇ ಬೇಡ.

ಹಾಗಾದರೆ ಉಳಿಯುವ ಇಂಕು ಯಾವುದು? ಇಲ್ಲಿಂದ ನನಗೆ ನಿಜವಾದ ಹುಚ್ಚು ಹಿಡಿಯಿತು. ಪೆಲಿಕನ್ ಬ್ಲೂ ಬ್ಲ್ಯಾಕ್‌ನಲ್ಲಿ ಕಬ್ಬಿಣದ ಅಂಶ ಇದೆ. ಐರನ್ ಗಾಲ್ ಅನ್ನುವ ಬಹಳ ಹಳೆಯ ಜಾತಿ ಇದು. ಯುರೋಪಿನಲ್ಲಿ ನೂರಾರು ವರ್ಷ ದಸ್ತಾವೇಜುಗಳನ್ನೆಲ್ಲ ಇದರಲ್ಲೇ ಬರೆದರು. ಅವರು ಓಕ್ ಮರದ ಮೇಲೆ ಕೀಟ ಮಾಡಿದ ಗಂಟನ್ನು ಅರೆದು ಒಗರು ತೆಗೆಯುತ್ತಿದ್ದರು. ನಮಗೆ ಓಕ್ ಯಾಕೆ, ಅಳಲೆಕಾಯಿ ಇಲ್ವಾ? ಬಾಯಿಗೆ ಹಾಕಿದರೆ ನಾಲಿಗೆ ಹಿಡಿದಂತಾಗುವ ಆ ಒಗರೇ ಟ್ಯಾನಿನ್. ಕಬ್ಬಿಣಕ್ಕೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಎರಡೂ ಗ್ರಂಥಿಗೆ ಅಂಗಡಿಯ ಸಾಮಾನು. ಮಂಡಿಪೇಟೆ ಕಡೆ ಹೋದಾಗ ತಗೊಂಡು ಬಂದೆ. ಅಂಗಡಿಯವರು ‘ಯಾವ ಕಷಾಯಕ್ಕೆ ಸ್ವಾಮಿ?’ ಅಂದರು. ಬರೆಯೋಕೆ ಅಂದೆ. ಮುಖ ನೋಡಿದರು, ಪೊಟ್ಟಣ ಕಟ್ಟಿದರು.

ಅಳಲೆಕಾಯಿಯ ಬೀಜ ತೆಗೆದು, ಸಿಪ್ಪೆ ಕುಟ್ಟಿ, ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಕುದಿಸಿದೆ. ಬಟ್ಟೆಯಲ್ಲಿ ಸೋಸಿದಾಗ ಸಿಕ್ಕಿದ್ದು ಕಾಫಿ ಡಿಕಾಕ್ಷನ್ನಿನ ಹಾಗಿರುವ ಕಂದು ನೀರು. ಅನ್ನಭೇದಿಯನ್ನು ಬೇರೆ ನೀರಿನಲ್ಲಿ ಕರಗಿಸಿ ಅದಕ್ಕೆ ಹನಿ ಹನಿಯಾಗಿ ಬಿಡುತ್ತಾ ಹೋದರೆ, ಹನಿ ಬಿದ್ದ ಕಡೆಯಿಂದ ಕಪ್ಪು ಎಳೆಗಳು ಇಳಿಯುತ್ತವೆ, ನೋಡುತ್ತಿದ್ದಂತೆ ಲೋಟವೆಲ್ಲ ಕಪ್ಪು. ಕೊನೆಗೆ ಚಿಟಿಕೆ ಗೋಂದು. ಮಜಾ ಇರುವುದು ಬರೆದ ಮೇಲೆ. ಆಗ ತಾನೇ ಬರೆದ ಸಾಲು ತೆಳು ಬೂದಿ ಬಣ್ಣ, ಇಷ್ಟೇನಾ ಅನ್ನಿಸುತ್ತದೆ. ಮರುದಿನ ನೋಡಿದರೆ ಅದೇ ಸಾಲು ಗಾಢ ಕಪ್ಪು. ಗಾಳಿಯ ಆಮ್ಲಜನಕ ಸೇರಿ ಕಬ್ಬಿಣ ಬದಲಾಗುತ್ತದೆ, ನೀರಲ್ಲಿ ಕರಗದ ಬಣ್ಣ ಕಾಗದದ ನಾರಿಗೇ ಕಚ್ಚಿಕೊಳ್ಳುತ್ತದೆ. ನಲ್ಲಿ ಕೆಳಗೆ ಹಿಡಿದೆ, ಸುತ್ತಲಿನ ಮಸುಕು ಹೋಯಿತೇ ಹೊರತು ಅಕ್ಷರ ಹೋಗಲಿಲ್ಲ. ಒತ್ತಕ್ಷರಗಳಂತೂ ಕೊರೆದಷ್ಟು ಸ್ಪಷ್ಟ, ಯಾಕೆಂದರೆ ಈ ಇಂಕು ಅಕ್ಕಪಕ್ಕ ಹರಡುವುದು ಕಡಿಮೆ.

ಆದರೆ ದಯವಿಟ್ಟು ಮನೆಯಲ್ಲಿ ಮಾಡಿದ ಈ ಇಂಕನ್ನು ಪೆನ್ನಿಗೆ ತುಂಬಿಸಬೇಡಿ. ಇದರಲ್ಲಿ ಆಮ್ಲ ಇದೆ, ಕಬ್ಬಿಣದ ನಿಬ್ಬನ್ನು ತಿನ್ನುತ್ತದೆ. ತಳದಲ್ಲಿ ಗಷ್ಟು ಕೂರುತ್ತದೆ, ಅದು ಪೆನ್ನಿನ ನಾಲಿಗೆಯ ಸಣ್ಣ ಗೀರುಗಳಲ್ಲಿ ಸಿಕ್ಕಿದರೆ ಪೆನ್ನಿನ ಕಥೆ ಮುಗಿಯಿತು. ಅದ್ದಿ ಬರೆಯುವ ನಿಬ್ಬು ಸಾಕು. ಚಿತ್ರ ಬರೆಯುವ ಇಂಡಿಯನ್ ಇಂಕನ್ನೂ ಪೆನ್ನಿಗೆ ಹಾಕಬಾರದು, ಅದರಲ್ಲಿ ಅರಗು ಇರುತ್ತದೆ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಇಂಕು ಹಾಕಿದರೆ ಹೇಗೆ ಅಂತ ಗೆಳೆಯನೊಬ್ಬ ಕೇಳಿದ. ಅದು ನಮ್ಮ ಮೈಸೂರಿನಲ್ಲೇ ಆಗುವುದು ನಿಜ, 1962ರ ಚುನಾವಣೆಯಿಂದ ಬಳಕೆಯಲ್ಲಿದೆ, ಆದರೆ ಅದು ಸಿಲ್ವರ್ ನೈಟ್ರೇಟ್ ಮಾರಾಯ, ಚರ್ಮದ ಮೇಲೆ ಕೆಲಸ ಮಾಡುವಂಥದ್ದು, ಪೆನ್ನು ಪಾಪ ಏನು ಮಾಡಿತ್ತು?

ಇಂಕು ಬದಲಾಯಿಸುವವರಿಗೆ ಇನ್ನೊಂದು ತಲೆನೋವು ನಮ್ಮೂರಿನ ನೀರು. ನಲ್ಲಿಯಲ್ಲಿ ಹೇಮಾವತಿ ಬಂದ ದಿನ ಚಿಂತೆ ಇಲ್ಲ. ಬೋರ್‌ವೆಲ್ ನೀರಾದರೆ ಗಡಸು, ಬಕೆಟ್ಟಿನ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೀವೇ ನೋಡಿರುತ್ತೀರಿ. ಅದೇ ಪೊರೆ ಪೆನ್ನಿನ ಒಳಗೂ ಕಟ್ಟುತ್ತದೆ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಈ ಕಷ್ಟ ಇನ್ನೂ ಚೆನ್ನಾಗಿ ಗೊತ್ತು. ನಾನು ಮೊದಲ ಸುತ್ತು ಯಾವ ನೀರಾದರೂ ಸರಿ ಅಂತ ತೊಳೆದು, ಕೊನೆಯ ಸುತ್ತಿಗೆ ಮಾತ್ರ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸುತ್ತೇನೆ. ಗಟ್ಟಿಯಾದ ಇಂಕನ್ನು ತೆಳು ಮಾಡಲೂ ಅದೇ.

ಬೇಸಿಗೆಯಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಏಪ್ರಿಲ್ ಬಿಸಿಲಿಗೆ ಮುಚ್ಚಳ ತೆಗೆದಿಟ್ಟರೆ ಡ್ರೈ ಇಂಕು ನಿಬ್ಬಿನ ತುದಿಯಲ್ಲೇ ಒಣಗಿ ಮೊದಲ ಗೆರೆ ಮೂಡುವುದೇ ಇಲ್ಲ. ಆಗ ನೀಲಿಗೆ ನಾನು ವೆಟ್ ಇಂಕನ್ನೇ ತೆಳು ನಿಬ್ಬಿನಲ್ಲಿ ಬಳಸುತ್ತೇನೆ. ಡ್ರಾಪರ್‌ನಿಂದ ಹನಿ ಹಾಕಿ ತುಂಬಿಸುವ ಪೆನ್ನಿದ್ದರೆ ಇಂಕು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಒಳಗಿನ ಗಾಳಿ ಮೈಬಿಸಿಗೆ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. ಜೇಬಿನಲ್ಲಿ ಪೆನ್ನಿಟ್ಟುಕೊಂಡು ಬೆಂಗಳೂರಿನ ರೈಲು ಹತ್ತುವವರು, ಅದರಲ್ಲೂ ಬಿಳಿ ಅಂಗಿಯವರು, ಗಮನಿಸಿ.

ಮುಂದೆ ನೋಡಬೇಕೆಂದಿರುವುದು ಕೇರಳದ ಪಟ್ಟಾಂಬಿಯ ಕೃಷ್ಣ ಇಂಕು. ವೈದ್ಯರೊಬ್ಬರು ತಯಾರಿಸುತ್ತಾರೆ, ಬಣ್ಣಗಳ ಹೆಸರು ಕೇಳಿದರೇ ಆಸೆಯಾಗುತ್ತದೆ. ಆದರೆ ಬಣ್ಣ ಎಷ್ಟೇ ಚೆನ್ನಾಗಿರಲಿ, ಮೊದಲು ಲಕ್ಷ್ಮಿ ಆ ಅರ್ಥಶಾಸ್ತ್ರ ಓದಬೇಕು.